ಅನ್ನ ಬೇಯುವವರೆಗಿನ ಕಥೆ

ನಮ್ಮ ಮನೆಯಲ್ಲಿ ಕಥೆ ಎಷ್ಟು ಉದ್ದವಿರಬೇಕು ಎಂಬುದನ್ನು ಅಕ್ಕಿ ತೀರ್ಮಾನಿಸುತ್ತಿತ್ತು. ಬೇಯಲು ಹೊತ್ತು ಹಿಡಿಯುವ ಕುಚ್ಚಲಕ್ಕಿಯಾದರೆ ಉದ್ದ ಕಥೆ, ಬೇಗ ಬೇಯುವ ಬೆಳ್ತಿಗೆ ಅಕ್ಕಿಯಾದರೆ ಗಿಡ್ಡ ಕಥೆ. ಹಬ್ಬಕ್ಕೋ ನೆಂಟರಿಗೋ ಬೆಳ್ತಿಗೆ ಅಕ್ಕಿ ಒಲೆ ಏರಿದ ದಿನ ಊಟವೇನೋ ರುಚಿಯಾಗಿರುತ್ತಿತ್ತು, ಆದರೆ ಕಥೆಯೊಳಗಿನ ಆಮೆ ಕೋಲು ಕಚ್ಚಿಕೊಂಡು ಆಕಾಶಕ್ಕೆ ಏರುವುದರೊಳಗೆ ಅನ್ನ ಬೆಂದುಬಿಡುತ್ತಿತ್ತು. ಅಜ್ಜಿ ಸೌಟಿನಲ್ಲಿ ಎರಡು ಅಗುಳು ಎತ್ತಿ, ಬೆರಳ ನಡುವೆ ಹಿಸುಕಿ ನೋಡಿ, "ಬೆಂದದೆ" ಎಂದರೆ ಮುಗಿಯಿತು. ಆಮೆ ಆಕಾಶದಲ್ಲಿದ್ದರೆ ಆಕಾಶದಲ್ಲೇ, ಮೊಸಳೆಯ ಬೆನ್ನೇರಿದ ಮಂಗ ಹೊಳೆಯ ನಡುವೆ ಇದ್ದರೆ ಅಲ್ಲೇ. "ಉಳ್ದದ್ದು ನಾಳಿಗೆ." ಅಳು, ಹಟ, ಗೋಗರೆತ ಯಾವುದಕ್ಕೂ ಅಜ್ಜಿ ಕರಗಿದವಳಲ್ಲ. ರಾತ್ರಿಯಿಡೀ ಆ ಮಂಗನನ್ನು ನಡುನೀರಿನಲ್ಲಿ ಬಿಟ್ಟು ಮಲಗುವ ಸಂಕಟ ನನ್ನದು.

ಅಗಸೂರಿನ ಆ ಮನೆ ದೊಡ್ಡದೇನೂ ಅಲ್ಲ. ಮುಂದೆ ಸಗಣಿ ಸಾರಿಸಿದ ಜಗಲಿ, ಜಗಲಿ ದಾಟಿದರೆ ನಡುಮನೆ, ನಡುಮನೆಯ ಒಂದು ಮೂಲೆಯಲ್ಲಿ ದೇವರ ಮಣೆ, ಎದುರು ಮೂಲೆಯಲ್ಲಿ ಬಿತ್ತನೆಯ ಭತ್ತವನ್ನು ಹುಲ್ಲಿನಲ್ಲಿ ಬಿಗಿದು ಕಟ್ಟಿಟ್ಟ ಮೂಡೆ. ದೇವರೂ ಭತ್ತವೂ ಒಂದೇ ಕೋಣೆಯಲ್ಲಿ ಇದ್ದುದರಿಂದ ಎರಡಕ್ಕೂ ಸೇರಿ ಒಂದೇ ನಮಸ್ಕಾರ ಸಾಕಾಗುತ್ತಿತ್ತು. ಹಿಂದೆ ಅಡುಗೆಮನೆ, ಅದಕ್ಕೆ ತಾಗಿಕೊಂಡು ಬಚ್ಚಲು. ಅಡುಗೆಮನೆಯ ಮಾಡಿಗೆ ಒಂದೇ ಒಂದು ಗಾಜಿನ ಹಂಚು. ಹಗಲು ಅದರಿಂದ ಬಿಸಿಲಿನ ಕೋಲು ಇಳಿದು ಹೊಗೆಯೊಳಗೆ ನಿಂತಿರುತ್ತಿತ್ತು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಣಿಗೆಯಲ್ಲಿ ಕಟ್ಟಿಗೆ ಒಣಗಿಸುತ್ತಿದ್ದರು. ಅದರ ಪಕ್ಕಕ್ಕೆ ಬೇಲೆಕೇರಿಯಿಂದ ಬೇಸಿಗೆಯಲ್ಲೇ ತಂದಿಟ್ಟ ಒಣಮೀನಿನ ಬುಟ್ಟಿ. ಈಗ ಕಾರವಾರದ ನನ್ನ ಅಡುಗೆಮನೆಯಲ್ಲಿ ಗ್ಯಾಸ್ ಇದೆ, ಕುಕ್ಕರ್ ಇದೆ, ಗೋಡೆಗೆ ಬಿಳಿ ಟೈಲ್ಸ್ ಇದೆ. ದೇವರು ನಡೆಸಿಕೊಂಡು ಬಂದಿದ್ದಾನೆ, ದೂರು ಹೇಳುವ ಬಾಯಿ ನನಗಿಲ್ಲ. ಆದರೆ ಕುಕ್ಕರಿನ ಸೀಟಿಗೆ ಯಾವ ಕಥೆಯೂ ಹೊಂದುವುದಿಲ್ಲ. ಮೊಮ್ಮಗಳಿಗೆ ಕಥೆ ಶುರು ಮಾಡಿದರೆ ಜಿಂಕೆ ಪೊದೆಯಿಂದ ಹೊರಗೆ ಬರುವಷ್ಟರಲ್ಲಿ ಅದು ಕೂಗಿಬಿಡುತ್ತದೆ.

ಮೂರ್ಸಂಜೆಗೆ ತುಳಸಿಕಟ್ಟೆಗೆ ದೀಪ ಇಟ್ಟು, ದೇವರ ಮುಂದೆ ಕೈಮುಗಿದು, ಅಜ್ಜಿ ಅನ್ನದ ಮಡಕೆಯನ್ನು ಒಲೆಗೆ ಏರಿಸುತ್ತಿದ್ದಳು. ಹಗಲಿನ ಅಡುಗೆಯೆಲ್ಲ ಆಯಿ ಮತ್ತು ಚಿಕ್ಕಿಯದು, ಅಂದರೆ ನನ್ನ ತಾಯಿ ಮತ್ತು ಚಿಕ್ಕಪ್ಪನ ಹೆಂಡತಿಯದು. ರಾತ್ರಿಯ ಅನ್ನ ಮಾತ್ರ ಅಜ್ಜಿ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. ನೀರು ಕುದಿ ಹಿಡಿದಾಗ ಅಕ್ಕಿ ಬೀಳುತ್ತಿತ್ತು, ಅಕ್ಕಿ ಬಿದ್ದ ಕೂಡಲೇ ಕಥೆ. ಕೇಳುವವರಲ್ಲಿ ಒಬ್ಬರು ಪ್ರತಿ ಮಾತಿಗೂ "ಹ್ಞೂಂ" ಅನ್ನಬೇಕು. ಹ್ಞೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ಆ ಮನೆಯಲ್ಲಿ ಆಗ ನಾನೊಬ್ಬಳೇ ಮಗು, ಹಾಗಾಗಿ ಹ್ಞೂಂ ಅನ್ನುವ ಕೆಲಸ ನನ್ನದೇ. ಇನ್ನೊಂದು ಕಟ್ಟಳೆ: ಹಗಲು ಕಥೆ ಹೇಳುವಂತಿಲ್ಲ. ಹಗಲು ಕಥೆ ಹೇಳಿದರೆ ದಾರಿಯಲ್ಲಿರುವವರು ದಾರಿ ತಪ್ಪುತ್ತಾರಂತೆ.

ಅಜ್ಜಿಯ ಕಥೆಗಳಲ್ಲಿ ರಾಜಕುಮಾರಿ ಇರಲಿಲ್ಲ, ರಾಕ್ಷಸನೂ ಕಡಿಮೆ. ಬರೀ ಮಂಗ, ಮೊಲ, ಆನೆ, ಜಿಂಕೆ, ಬಲೆ ಸಮೇತ ಹಾರಿಹೋಗುವ ಹಕ್ಕಿಗಳು. ಎಲ್ಲಕ್ಕೂ ಮುನ್ನುಡಿ ಒಂದೇ:

"ಇದು ದೇವ್ರು ಇನ್ನೂ ದೇವ್ರಾಗ್ದೆ ಇದ್ದಾಗಿನ ಕತಿ."

ಆ ದೇವರು ಯಾರು ಎಂದು ನಾನು ಕೇಳಿರಲಿಲ್ಲ. ಒಂದು ಜನ್ಮದಲ್ಲಿ ಮೊಲವಾಗಿ ಹಸಿದವನಿಗೆ ತನ್ನ ಮೈಯನ್ನೇ ಕೊಟ್ಟವನು, ಇನ್ನೊಂದು ಜನ್ಮದಲ್ಲಿ ಮಂಗನಾಗಿ ತನ್ನ ಬಳಗಕ್ಕೆ ಬೆನ್ನನ್ನೇ ಸೇತುವೆ ಮಾಡಿದವನು, ನಮ್ಮ ದೇವರ ಮಣೆಯ ಮೇಲೆ ಇರುವವನೇ ಇರಬೇಕು ಎಂದುಕೊಂಡಿದ್ದೆ. ಮದುವೆಯಾಗಿ ಕಾರವಾರಕ್ಕೆ ಬಂದು, ಮಗ ಶಾಲೆಗೆ ಹೋಗತೊಡಗಿದ ಮೇಲೆ, ಅವನಿಗೆ ಬಹುಮಾನ ಬಂದ ಒಂದು ಪುಸ್ತಕ ತೆರೆದರೆ ಅದರಲ್ಲಿ ಅಜ್ಜಿಯ ಮಂಗ, ಅಜ್ಜಿಯ ಮೊಲ! ಬುದ್ಧನ ಹಿಂದಿನ ಜನ್ಮಗಳ ಕಥೆಗಳು, ಜಾತಕ ಕಥೆಗಳು ಎಂದು ಬರೆದಿತ್ತು. ಅಂಕೋಲೆಯ ಸಂತೆ ಬಿಟ್ಟು ಬೇರೆ ಲೋಕ ಕಾಣದ ಅಜ್ಜಿಗೆ ಬುದ್ಧ ಎಲ್ಲಿ ಸಿಕ್ಕಿದನೋ. ಅವಳಿಗೆ ಅವಳ ತಾಯಿ ಹೇಳಿದ್ದಂತೆ, ಆ ತಾಯಿಗೆ ಯಾರು ಹೇಳಿದರೋ. ನನಗೇನೂ ಬೇಸರವಾಗಲಿಲ್ಲ. ಇಷ್ಟು ವರ್ಷ ಹೆಸರು ತಿಳಿಯದೆ ಕೈಮುಗಿದಿದ್ದೆ, ಈಗ ಹೆಸರು ಹಿಡಿದು ಒಂದು ಹೂವು ಹೆಚ್ಚಿಗೆ ಇಟ್ಟೆ, ಅಷ್ಟೇ. ಮೊಮ್ಮಗಳ ಪುಸ್ತಕದಲ್ಲೂ ಆ ಕಥೆಗಳಿವೆ, ಪ್ರತಿ ಕಥೆಯ ಕೆಳಗೆ ಬಣ್ಣದ ಚೌಕದೊಳಗೆ "ನೀತಿ" ಎಂದು ಒಂದು ಸಾಲು ಬೇರೆ. ನಮ್ಮಜ್ಜಿ ನೀತಿ ಹೇಳಿದ್ದು ನನಗೆ ನೆನಪಿಲ್ಲ. ಕೇಳಿದ್ದರೆ "ಎಂತಾ ನೀತಿಯೆ? ಏಳು, ತಾಟು ಹಾಕು" ಅನ್ನುತ್ತಿದ್ದಳು. ಆದರೆ ಆ ಕಥೆಗಳು ಮನುಷ್ಯರನ್ನು ಏನು ಮಾಡುತ್ತವೆ ಎಂಬುದನ್ನು ಒಂದು ಮಳೆಗಾಲದಲ್ಲಿ ನಾನು ಕಣ್ಣಾರೆ ಕಂಡೆ. ಅದನ್ನು ಬರೆದಿಡಬೇಕೆಂದೇ ಇಷ್ಟೆಲ್ಲ ಪೀಠಿಕೆ.

ಅಜ್ಜಿಯನ್ನು ಊರಲ್ಲಿ ದೇವಕ್ಕ ಎನ್ನುತ್ತಿದ್ದರು. ಒಳ್ಳೆಯವಳು, ಮೆತ್ತಗಿನವಳಲ್ಲ. ಅವಳಿಗೆ ದೇವರಷ್ಟೇ ದೊಡ್ಡದು ಮುಯ್ಯಿ. ನಮ್ಮ ಕಡೆ ಗದ್ದೆ ನೆಟ್ಟಿಗೆ ಕೂಲಿಯ ಲೆಕ್ಕ ಇರಲಿಲ್ಲ, ಆಳಿಗೆ ಆಳು. ಇವತ್ತು ನಮ್ಮ ಗದ್ದೆ ನೆಡಲು ನಿಮ್ಮ ಮನೆಯಿಂದ ಇಬ್ಬರು ಹೆಂಗಸರು ಬಂದರೆ, ನಿಮ್ಮ ನೆಟ್ಟಿಯ ದಿನ ನಮ್ಮ ಮನೆಯಿಂದ ಇಬ್ಬರು ಹೆಂಗಸರು ಹೋಗಬೇಕು. ಅದೇ ಮುಯ್ಯಿ. ಜ್ವರವಿರಲಿ, ನೆಂಟರಿರಲಿ, ಹೋಗಲೇಬೇಕು. ತೀರಿಸದ ಮನೆಗೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಕೆರೆಯ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಆ ಮನೆಯ ಮಾತು ಬರುತ್ತದೆ. ಅಜ್ಜಿ ತನ್ನ ಕಾಲದಲ್ಲಿ ಊರಿಗೇ ಹೆಸರಾದ ನೆಟ್ಟಿಗಾತಿ. ಮಂಡಿ ಮತ್ತು ಬೆನ್ನು ಕೈಕೊಟ್ಟ ಮೇಲೆ ಗದ್ದೆಗೆ ಇಳಿಯುವುದನ್ನು ಬಿಟ್ಟಿದ್ದಳು. ಇಬ್ಬರು ಸೊಸೆಯರು ಬಂದ ಮೇಲೆ ಅತ್ತೆ ಗದ್ದೆಗೆ ಇಳಿಯುವುದು ನಮ್ಮೂರಲ್ಲಿ ಮರ್ಯಾದೆಯ ಮಾತೂ ಆಗಿರಲಿಲ್ಲ.

ಆ ವರ್ಷ ನಮ್ಮ ನೆಟ್ಟಿಗೆ ಮೇಲಿನ ಕೇರಿಯ ಹೊನ್ನಕ್ಕ ಮತ್ತು ಅವಳ ಮಗಳು ಬಂದು ಹೋಗಿದ್ದರು. ಹೊನ್ನಕ್ಕ ಬಾಯಿಗೆ ಹೆಸರುವಾಸಿ. ಈಗ ಅವಳ ಗದ್ದೆಯ ಸರದಿ, ಎರಡು ದಿನದ ಕೆಲಸ, ನಮ್ಮ ಮನೆಯಿಂದ ಆಯಿ ಮತ್ತು ಚಿಕ್ಕಿ ಹೋಗಬೇಕು. ಕಷ್ಟ ಇದ್ದದ್ದು ಇಲ್ಲೇ. ಚಿಕ್ಕಿಗೆ ದಿನ ನಿಂತಿತ್ತು. ಹಿಂದೆ ಎರಡು ಸಲ ಹೀಗೇ ನಿಂತು, ಎರಡು ಸಲವೂ ಮೂರು ತಿಂಗಳೊಳಗೆ ಹೋಗಿಬಿಟ್ಟಿತ್ತು. ಎರಡನೆಯದಂತೂ ಗದ್ದೆಯಿಂದ ಬಂದ ಸಂಜೆಯೇ. ನಮ್ಮಲ್ಲಿ ಮೂರು ತಿಂಗಳು ತುಂಬುವ ತನಕ ಬಸುರಿನ ಸುದ್ದಿ ಹೊಸ್ತಿಲು ದಾಟಬಾರದು, ಕಣ್ಣು ತಾಗುತ್ತದೆ ಎಂದು ನಂಬಿಕೆ. ಹಿಂದಿನ ಎರಡು ಸಲ ಚಿಕ್ಕಿ ಖುಷಿಗೆ ಕೆರೆದಂಡೆಯಲ್ಲಿ ಹೇಳಿಬಿಟ್ಟಿದ್ದಳು, ಅದಕ್ಕೇ ಹೋಯಿತು ಎಂದು ಅಜ್ಜಿ ನಂಬಿದ್ದಳು, ಚಿಕ್ಕಿಯೂ ನಂಬಿದ್ದಳು. ಹೋಗದಿರಲು ಕಾರಣ ಹೇಳಬೇಕು, ಕಾರಣ ಹೇಳುವಂತಿಲ್ಲ.

ಚಿಕ್ಕಿಯ ತವರು ಕಾರವಾರದ ಕಡೆ. ಅವರ ಮನೆಯಲ್ಲಿ ಮಾತು ಕೊಂಕಣಿ. ನಮ್ಮನೆಗೆ ಬಂದು ಕನ್ನಡವನ್ನು ಮೆಲ್ಲಗೆ, ಹೆಜ್ಜೆ ನೋಡಿ ನೋಡಿ ಇಡುವಂತೆ ಆಡುತ್ತಿದ್ದಳು. "ನಿನ್ನ ಕನ್ನಡಕ್ಕೆ ಉಪ್ಪೇ ಬಿದ್ದಿಲ್ಲ" ಎಂದು ಅಜ್ಜಿ ಆಡಿಕೊಳ್ಳುತ್ತಿದ್ದಳು. ನನ್ನ ತಲೆ ಬಾಚಿ ಅಬ್ಬಲಿಗೆ ಹೂ ಮುಡಿಸುತ್ತಿದ್ದವಳು ಅವಳೇ. ನನಗೆ ತಮ್ಮನೋ ತಂಗಿಯೋ ಬರುತ್ತದೆ ಎಂದು ಎರಡು ಸಲ ಕಿವಿಯಲ್ಲಿ ಹೇಳಿ, ಎರಡು ಸಲವೂ ಆಮೇಲೆ ಏನೂ ಹೇಳದೆ ಕೊಟ್ಟಿಗೆಯಲ್ಲಿ ಕುಳಿತಿದ್ದವಳು. ಆ ಮಧ್ಯಾಹ್ನ ಅಡುಗೆಮನೆಯಲ್ಲಿ ನಡೆದ ಮಾತನ್ನು ನಾನು ನಡುಮನೆಯಲ್ಲಿ ಭತ್ತದ ಮೂಡೆಗೆ ಒರಗಿ ಕುಳಿತು ಕೇಳಿದೆ. ಮೊದಲು ಆಯಿಯೇ ಬಾಯಿ ತೆಗೆದಳು.

"ಅತ್ತೆ, ನಾ ಒಬ್ಳೇ ಹೋಗ್ತೆ. ಎರಡಾಳಿನ ಕೆಲ್ಸ ಮಾಡಿ ಬತ್ತೆ."

"ಎರಡಾಳಿನ ಕೆಲ್ಸ ಒಂದಾಳು ಮಾಡ್ದ್ರೆ ಹೊನ್ನಿ ಒಂದು ಅಂತ್ಲೇ ಎಣಿಸ್ತದೆ. ಅದ್ರ ಬಾಯಿ ನಿಂಗೆ ಗೊತ್ತಿಲ್ವಾ?"

"ಹಂಗಾರೆ ನಾ ಹೋಗ್ತೆ ಅತ್ತೆ" ಎಂದಳು ಚಿಕ್ಕಿ. ದನಿ ಎಷ್ಟು ಸಣ್ಣದಿತ್ತೆಂದರೆ ಒಲೆಯ ಚಿಟಪಟದಲ್ಲಿ ಮುಳುಗಿಹೋಯಿತು. "ಮೆಲ್ಲಗೆ ನೆಡ್ತೆ."

ಆಯಿಗೆ ಸಿಟ್ಟು ಬಂತು. ಅವಳು ಅತ್ತೆಯ ಎದುರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಕೆಸರಲ್ಲಿ ಬಗ್ಗಿ ಬಗ್ಗಿ ಹೋದ್ಸಲ ಎಂತಾಯ್ತು, ನೋಡಿದ್ರಲ್ಲ? ಮುಯ್ಯಿ ದೊಡ್ಡದೋ, ಅದ್ರ ಹೊಟ್ಟೆ ದೊಡ್ಡದೋ?"

"ನಾ ಐದು ಹೆತ್ತೆ. ಐದಕ್ಕೂ ಗದ್ದೆಯಿಂದ್ಲೇ ಮನೆಗೆ ಬಂದೆ. ಗಟ್ಟಿ ಇದ್ದದ್ದು ನಿಲ್ತದೆ. ಮುಯ್ಯಿ ಅಂದ್ರೆ ಮುಯ್ಯಿ."

 ಮಧ್ಯಾಹ್ನದಿಂದ ಸಂಜೆಯ ತನಕ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಚಿಕ್ಕಿ ನಾಳೆ ಗದ್ದೆಗೆ ಉಡುವ ಹಳೆಯ ಸೀರೆಯನ್ನು ತೆಗೆದು ಮಡಚಿ ಬಾಗಿಲ ಹತ್ತಿರ ಇಟ್ಟುಕೊಂಡಳು. ಚಿಕ್ಕಪ್ಪ ನೇಗಿಲು ತೊಳೆದು ಬಂದು ಆ ಸೀರೆ ನೋಡಿ, ಅಜ್ಜಿಯ ಮುಖ ನೋಡಿ, ಜಗಲಿಗೆ ಹೋಗಿ ಕುಳಿತ.

ಆ ಸಂಜೆ ಕುಚ್ಚಲಕ್ಕಿ ಬಿತ್ತು. ಹೊಸ ಕಥೆ. ಒಬ್ಬ ರಾಜನಂತೆ, ಅವನಿಗೆ ದಿನಾ ಜಿಂಕೆಯ ಮಾಂಸ ಬೇಕಂತೆ. ಕಾಡಿನ ಜಿಂಕೆಗಳನ್ನೆಲ್ಲ ಅಟ್ಟಿಕೊಂಡು ತಂದು ತನ್ನ ತೋಟದೊಳಗೆ ಕೂಡಿ ಹಾಕಿದನಂತೆ. ಅವುಗಳಲ್ಲಿ ಎರಡು ಹಿಂಡು, ಎರಡಕ್ಕೂ ಒಬ್ಬೊಬ್ಬ ಯಜಮಾನ. ಒಬ್ಬನ ಮೈ ಬಂಗಾರದ ಬಣ್ಣ, ಅದನ್ನು ನೋಡಿ ರಾಜ ಅವನನ್ನು ಮಾತ್ರ ಕೊಲ್ಲಬಾರದು ಎಂದಿದ್ದನಂತೆ. ಅವನೇ ದೇವರಾಗದೆ ಇದ್ದ ದೇವರು. ಬೇಟೆಗಾರರು ದಿನಾ ಬಂದು ಬಾಣ ಬಿಟ್ಟು ಹತ್ತಕ್ಕೆ ಗಾಯ ಮಾಡಿ ಒಂದನ್ನು ಒಯ್ಯುವುದಕ್ಕಿಂತ, ದಿನಕ್ಕೊಂದು ಜಿಂಕೆ ತಾನಾಗಿಯೇ ಹೋಗಿ ರಾಜನ ಅಡುಗೆಯವ ಮಾಂಸ ಕಡಿಯುವ ಕೊರಡಿನ ಮೇಲೆ ತಲೆ ಇಡುವುದು ಎಂದು ಜಿಂಕೆಗಳು ಪಾಳಿ ಕಟ್ಟಿಕೊಂಡವು. ಒಂದು ದಿನ ಈ ಹಿಂಡಿನದು, ಒಂದು ದಿನ ಆ ಹಿಂಡಿನದು. ನಾನು ಹ್ಞೂಂ ಹ್ಞೂಂ ಅನ್ನುತ್ತಲೇ ಇದ್ದೆ. ಚಿಕ್ಕಿ ಸ್ವಲ್ಪ ದೂರದಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕುಳಿತಿದ್ದಳು.

"ಒಂದಿನ ಪಾಳಿ ಒಂದು ಹೆಣ್ಣು ಜಿಂಕೆಗೆ ಬಂತು. ಅದ್ರ ಹೊಟ್ಟೇಲಿ ಮರಿ ಇತ್ತು."

"ಹ್ಞೂಂ."

"ಅದು ತನ್ನ ಹಿಂಡಿನ ಯಜಮಾನನ ಹತ್ರ ಹೋಯ್ತು. 'ಒಡೆಯಾ, ಮರಿ ಹಾಕಿದ ಮೇಲೆ ನಾ ಹೋಗ್ತೆ, ಈಗ ಹೋದ್ರೆ ಒಂದು ಪಾಳಿಗೆ ಎರಡು ಜೀವ ಹೋಗ್ತದೆ' ಅಂತು. ಅಂವ ಹೇಳ್ದ, 'ನಿನ್ನ ಪಾಳಿ ಇನ್ನೊಬ್ರ ತಲೆ ಮೇಲೆ ಹಾಕೂಕೆ ನನ್ನ ಕೈಲಿ ಆಗ. ಪಾಳಿ ಅಂದ್ರೆ…'"

ಅಜ್ಜಿ ಅಲ್ಲಿಗೆ ನಿಲ್ಲಿಸಿದಳು. ನಾನು ಹ್ಞೂಂ ಅಂದೆ. ಆದರೂ ಮುಂದೆ ಹೋಗಲಿಲ್ಲ. ಹುಣಸೆ ಬೀಜ ಬುಟ್ಟಿಗೆ ಬೀಳುವ ಸದ್ದೂ ನಿಂತಿತ್ತು. ಅಜ್ಜಿ ಚಿಕ್ಕಿಯ ಕಡೆ ನೋಡಲಿಲ್ಲ, ಕಟ್ಟಿಗೆಯೊಂದನ್ನು ಒಳಕ್ಕೆ ತಳ್ಳಿ ಬೆಂಕಿಯನ್ನೇ ನೋಡಿದಳು.

"ಪಾಳಿ ಅಂದ್ರೆ ಎಂತಾ ಅಜ್ಜಿ?"

"ಪಾಳಿ ಅಂದ್ರೆ ಪಾಳಿ ಅಂದ" ಎಂದಳು, ಬೇಗಬೇಗ. "ಆ ಹೆಣ್ಣು ಜಿಂಕೆ ಅಳ್ತಾ ಬಂಗಾರದ ಜಿಂಕೆ ಹತ್ರ ಬಂತು. ಅಂವ ಹೇಳ್ದ, 'ನೀ ಮನೆಗೆ ಹೋಗು ಮಗ' ಅಂತ. ತಾನೇ ನಡೆದು ಹೋದ. ಹೋಗಿ ಕೊರಡಿನ ಮೇಲೆ ತಲೆ ಇಟ್ಟು ಮಲಗ್ದ."

"ಹ್ಞೂಂ. ಆಮೇಲೆ?"

ಅಜ್ಜಿ ಸೌಟು ಎತ್ತಿದಳು. ಅಗುಳು ಹಿಸುಕಿದಳು. ಕುಚ್ಚಲಕ್ಕಿ ಅಷ್ಟು ಬೇಗ ಬೇಯುವುದಲ್ಲ, ಅದು ನನಗೂ ಗೊತ್ತಿತ್ತು. ಆದರೂ "ಬೆಂದದೆ" ಎಂದಳು. ಅವತ್ತು ಎಲ್ಲರೂ ಅರೆಬೆಂದ ಅನ್ನ ಉಂಡೆವು. 

ಬೆಳಿಗ್ಗೆ ನಾನು ಏಳುವಾಗ ಅಜ್ಜಿ ಜಗಲಿಯಲ್ಲಿ ನಿಂತು ಸೀರೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟುತ್ತಿದ್ದಳು. ಚಿಕ್ಕಿ ಮಡಚಿಟ್ಟಿದ್ದ ಅದೇ ಹಳೆಯ ಸೀರೆ. ತಲೆಗೆ ಗೊರಬು, ಓಲೆಯಿಂದ ಹೆಣೆದ, ತಲೆಯಿಂದ ಸೊಂಟದ ತನಕ ಮಳೆಗೆ ಮರೆಯಾಗುವಂಥದು. ಹೆಂಗಸರು ಬಗ್ಗಿ ನೆಡುವಾಗ ಬೆನ್ನ ಮೇಲೆ ಅದೇ ಮಾಡು. ಆಯಿ "ಅತ್ತೆ, ಬೇಡ ಅತ್ತೆ" ಎನ್ನುತ್ತಿದ್ದಳು. ಚಿಕ್ಕಿ ಬಾಗಿಲ ದಾರಂದ ಹಿಡಿದು ನಿಂತಿದ್ದಳು. ಅಜ್ಜಿ ಅವಳಿಗೆ ಹೇಳಿದ್ದು ಇಷ್ಟೇ:

"ನೀ ಒಳಗೆ ಹೋಗು. ಸಾರಿಗೆ ಹುರುಳಿ ಹಾಕು."

ಅಜ್ಜಿಯೂ ಆಯಿಯೂ ಅಂಗಳ ದಾಟಿ ಹೋದರು. ನನಗೆ ಹೆದರಿಕೆ ಹತ್ತಿತು. ಬೇರೆ ಯಾರ ಮನೆಯ ಮಗುವಿಗೂ ಹೀಗಾಗುತ್ತಿರಲಿಲ್ಲ. ಅವರ ಮನೆಗಳಲ್ಲಿ ಕಥೆಯನ್ನು ಕೊನೆಯ ತನಕ ಹೇಳಿ ಮಲಗಿಸುತ್ತಿದ್ದರು. ನನ್ನ ಬಳಿ ಇದ್ದದ್ದು ಅರ್ಧ ಕಥೆ, ಅದರ ತುದಿಯಲ್ಲಿ ಕೊರಡಿನ ಮೇಲೆ ಮಲಗಿದ ಒಂದು ತಲೆ. ಪಾಳಿ ಚಿಕ್ಕಿಯದು, ಹೋದವಳು ಅಜ್ಜಿ. ಅಲ್ಲಿಗೆ ಅಜ್ಜಿ ಸಾಯುತ್ತಾಳೆ. ಹುರುಳಿ ತೊಳೆಯುತ್ತಿದ್ದ ಚಿಕ್ಕಿಯ ಸೆರಗು ಹಿಡಿದು ಕೇಳಿದೆ.

"ಚಿಕ್ಕಿ, ಕೊರಡಿನ ಮೇಲೆ ತಲೆ ಇಟ್ಟ ಜಿಂಕೆ ಎಂತಾಯ್ತು?"

"ಗೊತ್ತಿಲ್ಲ ಬಾಯ್. ನಮ್ಮನೇಲಿ ಈ ಕತೆ ಹೇಳಿಲ್ಲ." ಪುಟ್ಟ ಹುಡುಗಿಯನ್ನು ಅವರ ಕೊಂಕಣಿಯಲ್ಲಿ ಬಾಯ್ ಅನ್ನುತ್ತಾರೆ.

"ಸತ್ತೋಯ್ತಾ?"

ಚಿಕ್ಕಿ ನನ್ನನ್ನು ನೋಡಿದಳು. ಅವಳಿಗೂ ಅದೇ ಅರ್ಧ ಕಥೆ. ಕೈಯ ಹುರುಳಿಯನ್ನು ಹಾಗೆಯೇ ನೀರಿಗೆ ಬಿಟ್ಟು ಕೆಳಗೆ ಕುಳಿತುಬಿಟ್ಟಳು. ನಾನು ಅಲ್ಲಿ ನಿಲ್ಲಲಿಲ್ಲ. ತಲೆಗೆ ಒಂದು ಕೆಸುವಿನ ಎಲೆ ಹಿಡಿದು ಗದ್ದೆಯ ಕಡೆ ಓಡಿದೆ.

ಹೊನ್ನಕ್ಕನ ಗದ್ದೆಯಲ್ಲಿ ಹೆಂಗಸರು ಸಾಲಾಗಿ ಬಗ್ಗಿದ್ದರು. ಮೇಲಿನಿಂದ ನೋಡಿದರೆ ಗೊರಬುಗಳು ಮಾತ್ರ ಕಾಣುತ್ತಿದ್ದವು, ಆಮೆಗಳು ಹಿಂದಕ್ಕೆ ನಡೆಯುತ್ತಿದ್ದಂತೆ. ಅಂಚಿನ ಹತ್ತಿರ ಬಂದಾಗ ಹೊನ್ನಕ್ಕನ ಗಂಟಲು ಕೇಳಿಸಿತು.

"ಏನ್ ದೇವಕ್ಕ, ಮುದ್ಕಿ ಗದ್ದೇಲಿ, ಸೊಸೆ ಜಗಲೀಲಿ! ಕಾರವಾರದ್ ರಾಣಿ ಕಾಲು ಕೆಸ್ರು ಮಾಡ್ಕಂಬುದಿಲ್ವಾ?"

ಸಾಲಿನಲ್ಲಿ ನಗೆ ಹರಿಯಿತು. ಆಯಿ ತಲೆ ಎತ್ತಲಿಲ್ಲ.

"ಅದ್ರ ಕಾಲಿಗೆ ಕೆಸ್ರು ತಿಂದದೆ ಹೊನ್ನಿ" ಎಂದಳು ಅಜ್ಜಿ. ಮಳೆಗಾಲದಲ್ಲಿ ಬೆರಳ ಸಂದಿಯಲ್ಲಿ ಹುಣ್ಣಾಗುವುದಕ್ಕೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. "ಮತ್ತೆ ನಿನ್ನ ನೆಟ್ಟಿ ಸಾಲು ಹೋದ್ವರ್ಷ ಹಾವು ಹರಿದಂಗೆ ಇತ್ತು. ಸರಿ ಮಾಡಿ ಹೋಗ್ವಾ ಅಂತ ಬಂದೆ."

ಈಗ ನಗೆ ಇನ್ನೊಂದು ಕಡೆಯಿಂದ ಬಂತು. ಅಜ್ಜಿ ಬದುಕಿದ್ದಳು, ಬೈಯುತ್ತಿದ್ದಳು. ನನಗೆ ಅಷ್ಟರಲ್ಲೇ ಸಮಾಧಾನವಾಗಬೇಕಿತ್ತು. ಆದರೆ ಅವಳು ನೆಡಲು ಹಿಂದಕ್ಕೆ ಹೆಜ್ಜೆ ಇಡುವಾಗ ಒಂದು ಕೈ ಮಂಡಿಯ ಮೇಲಿತ್ತು, ಮುಖ ಬೂದಿಯಂತಾಗಿತ್ತು. ಅಂಚಿನ ಮೇಲೆ ನಿಂತು ನಾನು ಬಾಯಿಬಿಟ್ಟು ಅತ್ತೆ.

"ಅಜ್ಜೀ! ಆ ಜಿಂಕೆ ಸತ್ತೋಯ್ತಾ?"

ಸಾಲೆಲ್ಲ ನಿಂತಿತು. ಅಜ್ಜಿ ಬಗ್ಗಿಕೊಂಡೇ ಗೊರಬಿನ ಅಡಿಯಿಂದ ಮುಖ ತಿರುಗಿಸಿದಳು.

"ಎಂತಕ್ಕೆ ಬಂದ್ಯೆ ಇಲ್ಲಿ? ಯಾವ ಜಿಂಕೆ?"

"ಕೊರಡಿನ ಮೇಲೆ ತಲೆ ಇಟ್ಟದ್ದು. ಉಳ್ದದ್ದು ಹೇಳು. ಈಗ್ಲೇ ಹೇಳು."

"ಹಗಲು ಕತಿ ಹೇಳ್ದ್ರೆ ದಾರೀಲಿದ್ದವರು ದಾರಿ ತಪ್ತಾರೆ, ಗೊತ್ತಿಲ್ವಾ?"

ನನ್ನ ಅಳು ಇನ್ನಷ್ಟು ಜೋರಾಯಿತು. ಅಜ್ಜಿ ಒಮ್ಮೆ ಆಕಾಶ ನೋಡಿದಳು, ಒಮ್ಮೆ ಖಾಲಿ ದಾರಿಯನ್ನು ನೋಡಿದಳು. "ಈ ಮಳೇಲಿ ದಾರಿ ಮೇಲೆ ಯಾರೂ ಇಲ್ಲ ತಗ. ಹೇಳ್ತೆ. ಹ್ಞೂಂ ಅನ್ನು."

ಹೊನ್ನಕ್ಕನಿಗೆ ಕಥೆ ಗೊತ್ತಿರಲಿಲ್ಲ. "ಯಾವ ಕತಿ ದೇವಕ್ಕ? ಮೊದ್ಲಿಂದ ಹೇಳು, ನಾವೇನು ಕಿವುಡಿಯರಾ?" ಎಂದಳು. ಹಾಗಾಗಿ ಅಜ್ಜಿ ಮೊದಲಿನಿಂದ ಶುರು ಮಾಡಿದಳು. ಕೈ ನೆಡುತ್ತಿತ್ತು, ಬಾಯಿ ಹೇಳುತ್ತಿತ್ತು. ರಾಜ ಬಂದ, ತೋಟ ಬಂತು, ಎರಡು ಹಿಂಡು ಬಂದವು, ಪಾಳಿ ಬಂತು. ನಾನು ಅಂಚಿನ ಮೇಲಿನಿಂದ ಹ್ಞೂಂ ಅನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಸಾಲಿನಲ್ಲಿದ್ದವರೂ ಹ್ಞೂಂ ಅನ್ನತೊಡಗಿದರು. ಹೊಟ್ಟೆಯಲ್ಲಿ ಮರಿಯಿದ್ದ ಜಿಂಕೆಗೆ ಪಾಳಿ ಬಂತು ಎಂದಾಗ ಒಂದಿಬ್ಬರ ಹ್ಞೂಂ ತಡವಾಯಿತು. ಆಯಿ ಸಸಿಯ ಕಟ್ಟು ಬಿಚ್ಚುವ ನೆಪದಲ್ಲಿ ಆಚೆ ತಿರುಗಿಕೊಂಡಳು. ಬಂಗಾರದ ಜಿಂಕೆ ತಾನೇ ಹೋಗಿ ಕೊರಡಿನ ಮೇಲೆ ತಲೆ ಇಟ್ಟಿತು ಎಂದಾಗ ಹೊನ್ನಕ್ಕ ನೆಡುವುದನ್ನು ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು, ಪಕ್ಕದಲ್ಲೇ ಬಗ್ಗಿದ್ದ ಅಜ್ಜಿಯನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಆಮೇಲೆ?" ಎಂದಳು. ಗಂಟಲು ಮೊದಲಿನದಲ್ಲ.

"ಅಡುಗೆಯವ ಕತ್ತಿ ಎತ್ತದೆ ರಾಜನಿಗೆ ಹೇಳೂಕೆ ಓಡ್ದ. ರಾಜ ಬಂದ. 'ನಿನ್ನ ಜೀವ ನಾ ಬಿಟ್ಟಿದ್ದೆ, ನೀ ಎಂತಕ್ಕೆ ಬಂದೆ?' ಅಂದ. 'ಪಾಳಿ ಬಂದವ್ಳ ಹೊಟ್ಟೇಲಿ ಮರಿ ಅದೆ. ಅವ್ಳ ಸಾವು ಇನ್ನೊಬ್ರಿಗೆ ಹೊರ್ಸೂಕೆ ನನ್ನ ಕೈಲಿ ಆಗ್ಲಿಲ್ಲ, ನಾನೇ ಬಂದೆ' ಅಂತು ಜಿಂಕೆ. ರಾಜನ ಕಣ್ಣಲ್ಲಿ ನೀರು ಬಂತು. 'ನೀನೂ ಬದುಕು, ಅವ್ಳೂ ಬದುಕ್ಲಿ' ಅಂದ. 'ನಾವಿಬ್ರು ಬದುಕಿದ್ರೆ ಉಳ್ದ ಜಿಂಕೆ ಗತಿ ಎಂತಾ?' 'ಅವೂ ಬದುಕ್ಲಿ.' 'ಕಾಡಿನ ಉಳ್ದ ಪ್ರಾಣಿ?' 'ಅವೂ ಬದುಕ್ಲಿ.' 'ಹಕ್ಕಿ?' 'ಬದುಕ್ಲಿ.' 'ನೀರಿನ ಮೀನು?' 'ಮೀನೂ ಬದುಕ್ಲಿ' ಅಂದ."

"ಮೀನೂ ಬಿಟ್ನಾ?" ಎಂದಳು ಹೊನ್ನಕ್ಕ. "ಹಂಗಾರೆ ಆ ರಾಜ ಅಂಕೋಲೆ ಕಡೆಯವ ಅಲ್ಲ ಬಿಡು."

ಎಲ್ಲರೂ ನಕ್ಕರು. ಅಜ್ಜಿಯೂ ನಕ್ಕಳು. ನಾನಂತೂ ಮೂಗು ಒರೆಸಿಕೊಂಡು ಅಂಚಿನ ಮೇಲೇ ಕುಳಿತೆ. ಜಿಂಕೆ ಸತ್ತಿರಲಿಲ್ಲ. ಅದಾದ ಮೇಲೆ ಹೊನ್ನಕ್ಕ ಒಂದು ಕೊಂಕು ಮಾತನ್ನೂ ಆಡಲಿಲ್ಲ. ಯಾರೂ ಏನನ್ನೂ ಕೇಳಲಿಲ್ಲ, ಯಾರಿಗೂ ಏನನ್ನೂ ಹೇಳಬೇಕಾಗಲಿಲ್ಲ. ಸುದ್ದಿ ಹೊಸ್ತಿಲು ದಾಟಿರಲಿಲ್ಲ, ಜಿಂಕೆ ದಾಟಿತ್ತು.

ಸಂಜೆ ಕೆಲಸ ಬಿಡುವಾಗ ಹೊನ್ನಕ್ಕ ಮನೆಗೆ ಓಡಿ ಹೋಗಿ, ಬಾಳೆಎಲೆಯಲ್ಲಿ ಏನನ್ನೋ ಸುತ್ತಿ ತಂದು ಅಜ್ಜಿಯ ಕೈಗಿಟ್ಟಳು. ಬಿಚ್ಚಿದರೆ ಮಾವಿನಮಿಡಿಯ ಉಪ್ಪಿನಕಾಯಿ.

"ಶಾಂತಿಗೆ ಕೊಡು" ಎಂದಳು. ಶಾಂತಿ ಎಂದರೆ ನಮ್ಮ ಚಿಕ್ಕಿ. "ಕೆಸ್ರು ತಿಂದ ಕಾಲಿಗೆ ಒಳ್ಳೇದು."

ಅಜ್ಜಿ ಉಪ್ಪಿನಕಾಯಿಯನ್ನು ನೋಡಿದಳು, ಹೊನ್ನಕ್ಕನನ್ನು ನೋಡಿದಳು. "ಹಚ್ಚೂಕೋ, ತಿಂಬೂಕೋ?"

"ಅದ್ಕೆ ಹೆಂಗೆ ಬೇಕೋ ಹಂಗೆ. ಮತ್ತೆ ನಾಳೆ ನಿಮ್ಮನೆಯಿಂದ ದೊಡ್ಡ ಸೊಸೆ ಒಂದೇ ಬಂದ್ರೆ ಸಾಕು. ನೀ ಬರ್ಬೇಡ. ನಿನ್ನ ಕತಿ ಕೇಳಿ ನನ್ನ ಆಳೆಲ್ಲ ಅಳ್ತಾ ನಿಂತ್ರೆ ಗದ್ದೆ ಮುಗಿಯೂದು ಯಾವಾಗ?"

"ಒಂದಾಳಿನ ಮುಯ್ಯಿ ಉಳೀತದಲ್ಲೆ ಹೊನ್ನಿ."

"ಉಳೀಲಿ. ನಂಗೂ ಸೊಸೆ ಬತ್ತದೆ ಒಂದಿನ."

ಅಜ್ಜಿ ಬಾಳೆಎಲೆಯನ್ನು ಮೆಲ್ಲಗೆ ಮತ್ತೆ ಸುತ್ತಿ ಸೆರಗಿನಲ್ಲಿ ಕಟ್ಟಿಕೊಂಡದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಕೊಟ್ಟು ಅಭ್ಯಾಸವಿದ್ದ ಕೈಗೆ ತೆಗೆದುಕೊಳ್ಳುವುದು ಸುಲಭವಲ್ಲ. ಇವತ್ತು ಯಾರಾದರೂ ನನಗೆ ಒಂದು ಸಣ್ಣ ಉಪಕಾರ ಮಾಡಿದರೆ, ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟರೂ ಸರಿ, ಬೇಡ ಅನ್ನದೆ ಕುಳಿತುಕೊಳ್ಳುತ್ತೇನೆ, ಮನಸ್ಸಿನಲ್ಲಿ ದೇವರಿಗೆ ಒಂದು ಕೈ ಮುಗಿಯುತ್ತೇನೆ. ಅದನ್ನು ಆ ಸಂಜೆ ಕಲಿತೆ ಅನ್ನಿಸುತ್ತದೆ.

ಮನೆಗೆ ಬರುವಾಗ ಅಜ್ಜಿ ನೆಟ್ಟಗೆ ನಿಲ್ಲಲಾರದಷ್ಟು ಬಗ್ಗಿದ್ದಳು. ಆಯಿಯ ಹೆಗಲು ಹಿಡಿದು ಬಂದವಳನ್ನು ಚಿಕ್ಕಿ ಬಚ್ಚಲಿಗೆ ಕರೆದೊಯ್ದಳು. ಹಂಡೆಯ ತುಂಬ ನೀರು ಕಾಯಿಸಿ ಕಾದಿದ್ದಳು ಪಾಪ. ಬೆನ್ನಿಗೆ ಕೊಬ್ಬರಿ ಎಣ್ಣೆ ತಿಕ್ಕಿ ಚೊಂಬು ಚೊಂಬು ಬಿಸಿನೀರು ಹೊಯ್ದಳು. ನಾನು ಬಾಗಿಲಲ್ಲಿ ಟವೆಲು ಹಿಡಿದು ನಿಂತಿದ್ದೆ. 

"ಎಂತಕ್ಕೆ ಹೋದ್ರಿ ಅತ್ತೆ?" ಎಂದು ನೀರು ಹೊಯ್ಯುತ್ತ ಚಿಕ್ಕಿ ಕೇಳಿದಳು.

"ಕತಿ ಹೇಳೂ ಬಾಯಿಗೆ ನಾಚ್ಕೆ ಬೇಡ್ವನೆ?" ಎಂದಳು ಅಜ್ಜಿ. ಬೆನ್ನನ್ನು ಇನ್ನಷ್ಟು ಮುಂದಕ್ಕೆ ಬಾಗಿಸಿ, "ಇನ್ನೊಂದು ಚೊಂಬು ಹಾಕು. ಎಡಕ್ಕೆ. ನಿನ್ನ ಕೈಗಾದ್ರೂ ಉಪ್ಪು ಖಾರ ಅದೆ, ಸಾಕು."

ಮರುದಿನ ಆಯಿ ಒಬ್ಬಳೇ ಹೋದಳು. ಅಜ್ಜಿ ಚಾಪೆಯ ಮೇಲಿಂದ ಏಳಲಿಲ್ಲ. ಮಲಗಿದಲ್ಲಿಂದಲೇ ಚಿಕ್ಕಿಗೆ ಅನ್ನದ ಹದ ಹೇಳಿಕೊಟ್ಟಳು. ಶ್ರಾವಣ ಬಂತು, ಚೌತಿ ಬಂತು, ಮೂರು ತಿಂಗಳು ತುಂಬಿ ದಾಟಿತು. ಭತ್ತ ಕೊಯ್ಲಾಗಿ, ಚಳಿ ಕಳೆಯುತ್ತ ಬಂದಾಗ ನನಗೆ ತಂಗಿ ಹುಟ್ಟಿದಳು. ಊರೆಲ್ಲ ಬಂದು ನೋಡಿ ಹೋದರು, ಹೊನ್ನಕ್ಕ ಎಲ್ಲರಿಗಿಂತ ಮೊದಲು. ಅಜ್ಜಿಯ ಬೆನ್ನು ಮಾತ್ರ ಆ ನೆಟ್ಟಿಯ ದಿನದ ನಂತರ ಪೂರ್ತಿ ನೆಟ್ಟಗಾಗಲೇ ಇಲ್ಲ. ನಡೆಯುವಾಗ ನೆಲದಲ್ಲಿ ಏನೋ ಬಿದ್ದದ್ದನ್ನು ಹುಡುಕುವಂತೆ ನಡೆಯುತ್ತಿದ್ದಳು. ಕೇಳಿದವರಿಗೆ "ವಯಸ್ಸಾಯ್ತಲ್ಲ" ಎನ್ನುತ್ತಿದ್ದಳು. ಚಿಕ್ಕಿಗೆ ಅದನ್ನು ನೋಡಿದಾಗಲೆಲ್ಲ ಕಣ್ಣು ತುಂಬುತ್ತಿತ್ತು.

ಕೂಸಿಗೆ ನೀರು ಹಾಕುವ ಕೆಲಸವನ್ನು ಅಜ್ಜಿ ಯಾರಿಗೂ ಬಿಡಲಿಲ್ಲ. ಬಚ್ಚಲ ಕಲ್ಲಿನ ಮೇಲೆ ಕುಳಿತು, ಎರಡೂ ಕಾಲು ಮುಂದೆ ಚಾಚಿ, ಕಾಲುಗಳ ನಡುವಿನ ತೊಟ್ಟಿಲಿನಂಥ ಜಾಗದಲ್ಲಿ ತಂಗಿಯನ್ನು ಮಲಗಿಸಿಕೊಳ್ಳುತ್ತಿದ್ದಳು. ನಾನು ಚೊಂಬಿನಲ್ಲಿ ನೀರು ತುಂಬಿ ಕೊಡಬೇಕು. ಹಬೆಯ ನಡುವೆ ಅವಳ ಬಾಗಿದ ಬೆನ್ನು ಮಾಡಿನಂತೆ ಕೂಸಿನ ಮೇಲೆ ಇರುತ್ತಿತ್ತು, ಗಾಳಿ ಒಳಗೆ ನುಸುಳದಂತೆ. ಅವಳ ವಾರಿಗೆಯ ಮುದುಕಿಯರು ಮೊಮ್ಮಕ್ಕಳಿಗೆ ನೀರು ಹಾಕಲು ಬಗ್ಗಲಾರದೆ ಸೊಂಟ ಹಿಡಿದುಕೊಂಡು ನರಳುತ್ತಿದ್ದರು. ನಮ್ಮಜ್ಜಿಗೆ ಆ ಕಷ್ಟ ಬರಲಿಲ್ಲ. ಅವಳು ಬಗ್ಗುವ ಕೆಲಸವನ್ನು ಮೊದಲೇ ಮುಗಿಸಿಟ್ಟಿದ್ದಳು.